ಅರಗು ಎಂದು ಕರೆದ ಅಂಟು

ಭಾವ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವರನ್ನು ತಾಳ್ಮೆಯ ಮನುಷ್ಯ ಅಂದರು. ಸಾಸಲಿನಿಂದ ಬಂದ ದಾಯಾದಿಗಳು ಅಂದರು, ಬೀದಿಯವರು ಅಂದರು, ತಿಥಿಯ ದಿನ ಎಲೆಯ ಮುಂದೆ ಕುಳಿತವರೂ ಅಂದರು. ನಾನು ಬಡಿಸುತ್ತಿದ್ದೆ. ಆ ಚಳಿಗಾಲ ಅಂಟಿನ ಹೀಟರಿನ ಹತ್ತಿರ ಅವರ ಜೊತೆ ಕೆಲಸ ಮಾಡಿದವನು ಅಲ್ಲಿ ನಾನೊಬ್ಬನೇ. ತಾಳ್ಮೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅವರು ಹೋದ ಮೇಲೆ ಯಾರ ಹತ್ತಿರವೂ ಮಾತಾಡಲು ಮನಸ್ಸು ಬರುತ್ತಿಲ್ಲ. ಬರೆಯಲು ಕೂತರೆ ಬೇರೆಲ್ಲ ಬಿಟ್ಟು ಆ ಹಾಳು ಹೀಟರೇ ನೆನಪಿಗೆ ಬರುತ್ತದೆ. ಇರಲಿ, ಅದನ್ನೇ ಬರೆಯುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ. ದೊಡ್ಡಬಳ್ಳಾಪುರದ ಹೊರಗೆ, ರೈಲು ಹಳಿಯ ಆಚೆ, ಒಂದು ತಗಡಿನ ಷೆಡ್ಡಿನಲ್ಲಿ ಹಲಗೆ ಮಾಡುತ್ತಿದ್ದರು. ತೆಳ್ಳಗೆ ಸೀಳಿದ ಮರದ ಹಾಳೆಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಜೋಡಿಸಿ, ಹಬೆಯಿಂದ ಕಾಯುವ ಪ್ರೆಸ್ಸಿನಲ್ಲಿ ಒತ್ತಿದರೆ ಹಲಗೆ. ದಂಡಿನವರ ಪೆಟ್ಟಿಗೆಗಳಿಗೆ ಹೋಗುತ್ತದೆ ಎಂದು ಹೇಳುತ್ತಿದ್ದರು. ನನ್ನ ಅಕ್ಕನ ಗಂಡ ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ತಮ್ಮೂರು ಸಾಸಲಿನಲ್ಲಿ ಸ್ವಂತ ಅಣ್ಣನ ಜೊತೆ ಜಗಳವಾಗಿ, ಪಾಲಿನ ಹೊಲವನ್ನೂ ಕೇಳದೆ ಎದ್ದು ಬಂದವರು. ಬಾಯ್ಲರಿನ ಕೆಲಸ ಹೋದರೆ ಆ ಅಣ್ಣನ ಬಾಗಿಲಿಗೇ ಹೋಗಿ ನಿಲ್ಲಬೇಕಾಗಿತ್ತು. ಲೋಯರ್ ಸೆಕೆಂಡರಿ ಮುಗಿಸಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು ಅಲ್ಲಿಗೆ ಸೇರಿಸಿದ್ದೂ ಅವರೇ. ನಾನು ಅವರ ಮನೆಯಲ್ಲೇ ಇದ್ದೆ, ಅಕ್ಕನ ಕೈಯ ಊಟ ಮಾಡುತ್ತಿದ್ದೆ.

ನನ್ನ ಪಾಲಿಗೆ ಬಂದದ್ದು ಅಂಟಿನ ಹೀಟರು. ಅಂಟು ಪೀಪಾಯಿಗಳಲ್ಲಿ ಬರುತ್ತಿತ್ತು, ಕೆಂಪು ಕಂದು ಬಣ್ಣ, ಆಸ್ಪತ್ರೆಯ ವಾಸನೆ. ಮ್ಯಾನೇಜರು ಅದನ್ನು ರೆಜಿನ್ ಅನ್ನುತ್ತಿದ್ದರು. ಪೀಪಾಯಿಯನ್ನು ಎತ್ತರದ ಅಟ್ಟಣೆಯ ಮೇಲಿಟ್ಟರೆ ಅಂಟು ಪೈಪಿನಲ್ಲಿ ತಾನಾಗಿ ಇಳಿದು, ಹೀಟರಿನ ಮೂಲಕ ಹಾದು, ಹಾಳೆಗೆ ಅಂಟು ಬಳಿಯುವ ಉರುಳೆಗಳ ತೊಟ್ಟಿಗೆ ಬೀಳಬೇಕು. ಹೀಟರು ಅಂದರೆ ಒಂದರೊಳಗೊಂದು ಎರಡು ಪೈಪು, ಒಂದಾಳುದ್ದ, ಗೋಡೆಯ ಪಕ್ಕದಲ್ಲಿ ತುಸು ಇಳಿಜಾರಾಗಿ ಮಲಗಿಸಿದ್ದು. ಒಳಗಿನ ಪೈಪಿನಲ್ಲಿ ಅಂಟು, ಹೊರಗಿನದರಲ್ಲಿ ಹಬೆ. ಮಾಗಿಯ ಚಳಿಯಲ್ಲಿ ಅಂಟು ಗಟ್ಟಿಯಾಗಿರುತ್ತದೆ, ಬೆಚ್ಚಗಾದರೆ ಹರಳೆಣ್ಣೆಯ ಹಾಗೆ ಹರಿಯುತ್ತದೆ, ಹಾಳೆಯ ಮೇಲೆ ಸಮವಾಗಿ ಕೂರುತ್ತದೆ. ಬಿಸಿ ಎಷ್ಟಿದೆ ಎಂದು ನೋಡಲು ಒಂದು ಉಷ್ಣಮಾಪಕವನ್ನು ಕಳಿಸಿದ್ದರು. ಅದು ದಾರಿಯಲ್ಲೇ ಒಡೆದಿತ್ತು. ಇನ್ನೊಂದು ಬರುತ್ತದೆ, ಬರುತ್ತದೆ ಎಂದು ಮ್ಯಾನೇಜರು ಹೇಳುತ್ತಲೇ ಇದ್ದರು.

ಷೆಡ್ಡಿನಲ್ಲಿ ಯಾರ ಬಾಯಿಗೂ ರೆಜಿನ್ ಎಂಬ ಮಾತು ಹತ್ತಲಿಲ್ಲ. ಬಣ್ಣ ನೋಡಿ ಎಲ್ಲರೂ ಅದನ್ನು ಅರಗು ಅಂದರು. ಕುಡುಗೋಲಿಗೆ ಹಿಡಿ ಹಾಕುವಾಗ ತೂತಿಗೆ ಅರಗು ತುಂಬಿ, ಅಲಗಿನ ಬಾಲವನ್ನು ಕಾಯಿಸಿ ತೂರಿಸುವುದನ್ನು ನಾವೆಲ್ಲ ನೋಡಿದವರೇ. ಅರಗು ಕಾದರೆ ಕರಗುತ್ತದೆ, ಆರಿದರೆ ಬಿಗಿಯುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಆ ಹೆಸರಿನ ಜೊತೆಗೆ ಆ ಬುದ್ಧಿಯೂ ನಮ್ಮ ತಲೆಯೊಳಗೆ ಕೂತುಬಿಟ್ಟಿತ್ತು. ಪೈಪು ಮೊದಲ ಸಲ ಕಟ್ಟಿಕೊಂಡಾಗ ನಾವೆಲ್ಲ ಸೇರಿ ಮಾಡಿದ್ದು ಒಂದೇ ಕೆಲಸ, ಹಬೆ ಜಾಸ್ತಿ ಬಿಟ್ಟೆವು. ಕರಗಲಿ ಎಂದು ಕಾದೆವು. ಅದು ಕರಗಲಿಲ್ಲ.

ಕಟ್ಟಿದ ಪೈಪನ್ನು ಬಿಡಿಸುವುದು ಎಂಥ ಕೆಲಸ ಎಂದರೆ, ಈಗಲೂ ಅಂಗೈ ಉರಿಯುತ್ತದೆ. ಮೊದಲು ಹಬೆ ನಿಲ್ಲಿಸಬೇಕು, ಪೀಪಾಯಿಯ ನಲ್ಲಿ ಮುಚ್ಚಬೇಕು, ಹೊರಪೈಪಿನಲ್ಲಿ ನಿಂತ ನೀರನ್ನು ಕೆಳಗಿನ ಬಿರಡೆ ತೆಗೆದು ಹರಿಯಬಿಡಬೇಕು. ಕೈ ಇಡುವಷ್ಟು ಆರಿದ ಮೇಲೆ ಎರಡೂ ತುದಿಯ ಬೋಲ್ಟು ಬಿಚ್ಚಿ ಒಳಪೈಪನ್ನು ಹೊರಗೆಳೆಯಬೇಕು. ಅದರೊಳಗೆ ಅಂಟು ಕಲ್ಲಾಗಿರುತ್ತದೆ. ಒಬ್ಬ ಪೈಪು ಹಿಡಿದರೆ ಇನ್ನೊಬ್ಬ ಚೂಪು ಮಾಡಿದ ಸಲಾಕಿಯನ್ನು ಒಳಗಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಸಲಾಕಿ ಸ್ವಲ್ಪ ವಾಲಿದರೂ ಪೈಪಿನ ಗೋಡೆಗೆ ಗೀರು ಬೀಳುತ್ತದೆ, ಗೀರು ಬಿದ್ದ ಕಡೆ ಮುಂದಿನ ಸಲ ಇನ್ನೂ ಬೇಗ ಹಿಡಿಯುತ್ತದೆ. ಕಾಸ್ಟಿಕ್ ಸೋಡದಲ್ಲಿ ನೆನೆಹಾಕಿದೆವು. ನಮ್ಮ ಕೈಯ ಚರ್ಮ ಸುಲಿಯಿತು, ಅಂಟಿಗೆ ಏನೂ ಆಗಲಿಲ್ಲ. ಎಲ್ಲ ಮುಗಿಸಿ ಮತ್ತೆ ಜೋಡಿಸಿದರೆ ತುದಿಗಳಲ್ಲಿ ಹಬೆ ಸೋರುತ್ತಿತ್ತು. ಎಣ್ಣೆಯಲ್ಲಿ ನೆನೆಸಿದ ರಟ್ಟನ್ನು ಕತ್ತರಿಸಿ ಬಿಲ್ಲೆ ಮಾಡಿ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕಿತ್ತು. ಅಷ್ಟರಲ್ಲಿ ಒಂದು ದಿನ ಹೋಗಿರುತ್ತಿತ್ತು, ಹಾಳೆ ಜೋಡಿಸುವ ಹೆಂಗಸರು ಕೈಕಟ್ಟಿ ಕೂತಿರುತ್ತಿದ್ದರು.

ಇದು ಒಂದು ಸಲವಾಗಿದ್ದರೆ ಬರೆಯುತ್ತಿರಲಿಲ್ಲ. ವಾರದಲ್ಲಿ ಎರಡು ಸಲ, ಒಮ್ಮೊಮ್ಮೆ ಮೂರು ಸಲ ಆಯಿತು.

ನನಗೆ ಗೊತ್ತಾಗಿದ್ದು ಇಷ್ಟು. ಪ್ರೆಸ್ಸಿಗೂ ನನ್ನ ಹೀಟರಿಗೂ ಒಂದೇ ಹಬೆಯ ಪೈಪು. ಪ್ರೆಸ್ಸಿಗೆ ಜೋರು ಹಬೆ ಬೇಕು, ಹೀಟರಿಗೆ ಬೇಕಾದದ್ದು ಬರೀ ಬೆಚ್ಚಗೆ. ಪ್ರೆಸ್ಸು ಹಬೆ ಎಳೆಯುವಾಗ ಹೀಟರು ತಣ್ಣಗಾಗುತ್ತದೆ, ಪ್ರೆಸ್ಸು ತೆರೆದಿರುವಾಗ ಅಷ್ಟೂ ಹಬೆ ಹೀಟರಿಗೆ ನುಗ್ಗುತ್ತದೆ. ನಡುವೆ ಇರುವುದು ಒಂದು ವಾಲ್ವು. ಅದನ್ನು ಕೂದಲೆಳೆಯಷ್ಟು ತೆರೆದು, ಪಕ್ಕದಲ್ಲೇ ನಿಂತು ಕಾಯಬೇಕು. ನಾನು ಕಾಯುತ್ತಿದ್ದೆ. ಆದರೆ ಉರುಳೆಗಳನ್ನೂ ನಾನೇ ನೋಡಬೇಕಿತ್ತು. ನಾನು ಅತ್ತ ತಿರುಗಿದ ಕೂಡಲೇ ಭಾವ ಬಾಯ್ಲರ್ ಮನೆಯಿಂದ ಬಂದು, ತೊಟ್ಟಿಗೆ ಬೀಳುವ ಅಂಟಿನ ಧಾರೆ ನೋಡಿ, ವಾಲ್ವನ್ನು ಅರ್ಧ ಸುತ್ತು ತಿರುಗಿಸಿ ಹೋಗುತ್ತಿದ್ದರು.

"ಭಾವ, ವಾಲ್ವ್ ಮುಟ್ಬೇಡ ಅಂತ ಎಷ್ಟ್ ಸಲ ಹೇಳ್ಲಿ?"

"ಏನ್ಲಾ ಅದು ಧಾರೆ? ಮುದುಕ ಉಚ್ಚೆ ಹುಯ್ದಂಗೆ ಬತ್ತಾ ಐತೆ. ಅರಗು ಕಣ್ಲಾ ಅದು. ಕಾಯ್ಸಿದ್ರೆ ತಾನೆ ಹರಿಯೋದು?"

"ಹೀಟರ್ ನನ್ದು."

"ಹಬೆ ಯಾರ್ದು?"

ಹಾಳೆ ಜೋಡಿಸುವ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನು ವಾಲ್ವಿನ ಚಕ್ರವನ್ನು ತಂತಿಯಿಂದ ಬಿಗಿದು ಕಟ್ಟಿದೆ. ಮಾರನೆಯ ದಿನ ಬಾಯ್ಲರ್ ಮನೆಗೆ ಹೋಗಿ ನೋಡಿದರೆ, ಅದೇ ತಂತಿಯನ್ನು ಮೊಳೆಗೆ ಸುತ್ತಿ ಭಾವ ತಮ್ಮ ಬುತ್ತಿಯನ್ನು ನೇತುಹಾಕಿದ್ದರು.

"ಒಳ್ಳೆ ತಂತಿ. ಇನ್ನೊಂದ್ ಮೊಳ ಇದ್ರೆ ಕೊಡು," ಅಂದರು.

ಅವರು ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ಹಬೆಯನ್ನು ಪೂರಾ ಇಳಿಸಿ ನೋಡಿದೆ. ಅದು ಇನ್ನೊಂದು ಹಾಳು. ಅಂಟು ಮುದ್ದೆಯ ಹಿಟ್ಟಿನ ಹಾಗೆ ಗಟ್ಟಿಯಾಗಿ ಬಂತು, ಉರುಳೆಗಳು ಹಾಳೆಯ ಮೇಲೆ ಅಲ್ಲಲ್ಲಿ ಪಟ್ಟೆ ಬಳಿದವು. ಪ್ರೆಸ್ಸಿನಿಂದ ತೆಗೆದ ಹಲಗೆಗಳು ಬಾಳೆದಿಂಡಿನಂತೆ ಪದರ ಪದರ ಬಿಟ್ಟುಕೊಂಡವು. ಬಿಸಿ ಮಾಡಿದರೆ ಪೈಪು ಕಟ್ಟುತ್ತದೆ, ಮಾಡದಿದ್ದರೆ ಹಲಗೆ ಬಿಚ್ಚುತ್ತದೆ. ನನಗೆ ಆ ಪೈಪನ್ನು ಹೊತ್ತುಕೊಂಡು ಹೋಗಿ ಕೆರೆಗೆ ಎಸೆಯಬೇಕು ಅನ್ನಿಸಿತ್ತು.

ಬಿಚ್ಚಿಕೊಂಡ ಹಲಗೆಗಳನ್ನು ನೋಡಿದ ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. ಅವರು ಬೆಂಗಳೂರಿನವರು, ದನಿ ಏರಿಸುತ್ತಿರಲಿಲ್ಲ. ಅದೇ ಹೆದರಿಕೆ.

"ಪೈಪು ಕಟ್ಟೋದು ಹಬೆ ಹೆಚ್ಚುಕಮ್ಮಿ ಆಗೋದರಿಂದ ಅಂತ ಇವನು ಹೇಳ್ತಾನೆ. ಹಬೆ ಯಾರದು?"

ಭಾವ ಎದೆ ಮುಂದೆ ಮಾಡಿ, "ನಂದೇ ಸ್ವಾಮಿ," ಅಂದರು.

"ಹಾಗಾದರೆ ಇನ್ನೊಂದು ಸಲ ಪೈಪು ಕಟ್ಟಿದರೆ ನೀವು ಬೇರೆ ಕಡೆ ಕೆಲಸ ನೋಡ್ಕೊಳ್ಳಿ. ಬಾಯ್ಲರ್ ನೋಡೋಕೆ ಬೇರೆ ಜನ ಸಿಗ್ತಾರೆ."

ಹೊರಗೆ ಬಂದ ಮೇಲೆ ಭಾವ ನನ್ನ ಕಡೆ ನೋಡಲಿಲ್ಲ. ಮನೆಯವರೆಗೂ ಮುಂದೆ ಮುಂದೆ ನಡೆದರು. ಊಟಕ್ಕೆ ಕೂತಾಗ ನಾನು ಸಾರು ಬೇಕೆಂದರೆ ಅವರು ಅಕ್ಕನ ಹತ್ತಿರ, "ಅವನಿಗೆ ಸಾರು ಬೇಕಂತೆ ನೋಡು," ಅನ್ನುತ್ತಿದ್ದರು. ಅಕ್ಕ ಒಮ್ಮೆ ಅವರ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು.

"ನಿಮ್ಮಿಬ್ರ ಪೈಪನ್ನ ನನ್ನ ಅಡಿಗೆಮನೆಗೆ ತರಬ್ಯಾಡಿ. ಮೊದ್ಲೇ ಮನೆಯೆಲ್ಲಾ ಆಸ್ಪತ್ರೆ ವಾಸ್ನೆ," ಅಂದಳು.

ಮ್ಯಾನೇಜರು ಹೇಳಿದ್ದನ್ನು ನಾನೇ ಅವಳಿಗೆ ತಿಳಿಸಿದೆ. ಅವಳು ಅಳಲಿಲ್ಲ. "ಸಾಸಲಿಗೆ ವಾಪಸ್ ಹೋಗೋ ಗಂಡಸಲ್ಲ ಅವರು. ಎಲ್ಲಾದ್ರೂ ದೂರ ಹೊಂಟೋಗ್ತಾರೆ," ಅಂದಳು. ನನಗೆ ಅದೇ ಭಯವಾಯಿತು.

ಮರುದಿನ ಪೈಪು ಕಟ್ಟಿರಲಿಲ್ಲ, ಆದರೆ ಧಾರೆ ಸಣ್ಣಗಾಗುತ್ತಾ ಬಂದಿತ್ತು. ನಾನು ಕಾಯದೆ ನಿಲ್ಲಿಸಿ ಬಿಚ್ಚಿದೆ. ಒಳಗೆ ಸುತ್ತಲೂ ಬಳೆಯ ಹಾಗೆ ಅಂಟು ಹಿಡಿದಿತ್ತು, ನಡುವೆ ಬೆರಳು ತೂರುವಷ್ಟು ದಾರಿ. ಆಗ ಹೊಳೆಯಿತು. ಧಾರೆ ಸಣ್ಣಗಾಗುತ್ತಿದ್ದುದು ಅಂಟು ತಣ್ಣಗಾಗಿ ಅಲ್ಲ, ಗೋಡೆಗೆ ಹಿಡಿದು ದಾರಿ ಕಿರಿದಾಗಿ. ಅದನ್ನು ನೋಡಿ ನಾವು ಇನ್ನಷ್ಟು ಹಬೆ ಕೊಡುತ್ತಿದ್ದೆವು, ಅದು ಇನ್ನಷ್ಟು ಹಿಡಿಯುತ್ತಿತ್ತು.

ಕೆತ್ತಿದ ಚೂರುಗಳನ್ನು ಬಾಣಲೆಯಲ್ಲಿ ತುಂಬಿಕೊಂಡು ನೇರವಾಗಿ ಬಾಯ್ಲರ್ ಮನೆಗೆ ಹೋದೆ. ಭಾವ ಕೆಂಡ ಕೆದಕುತ್ತಿದ್ದರು.

"ಇದು ಅರಗು ತಾನೆ? ಕರಗ್ಸು ನೋಡೋಣ," ಅಂದೆ.

"ಅದೇನ್ ಮಹಾ." ಅವರು ಒಂದು ಹಿಡಿ ಚೂರನ್ನು ಸಲಿಕೆಯ ಮೇಲೆ ಹರಡಿ ಬೆಂಕಿಯ ಬಾಯಿಗೆ ಹಿಡಿದರು. ಚೂರುಗಳು ಚಿಟಿಲ್ಲೆಂದವು. ಮೂಗು ಮುಚ್ಚಿಕೊಳ್ಳುವ ಹೊಗೆ ಬಂತು. ಅವರು ಸಲಿಕೆಯನ್ನು ಇನ್ನೂ ಒಳಗೆ ತಳ್ಳಿದರು. ತೆಗೆದು ನೋಡಿದರೆ ಚೂರುಗಳು ಕಪ್ಪಾಗಿದ್ದವು, ಒಂದರ ಮೂಲೆಯೂ ಮೆತ್ತಗಾಗಿರಲಿಲ್ಲ. ಒಂದನ್ನು ನೆಲಕ್ಕೆ ಹಾಕಿ ಸಲಿಕೆಯ ಹಿಂಬದಿಯಿಂದ ಒತ್ತಿದರು. ಅದು ಪುಡಿಯಾಯಿತು, ಅಂಟಲಿಲ್ಲ.

"ಮೊಟ್ಟೆ ಇದ್ದಂಗೆ ಭಾವ. ಬೆಚ್ಚಗೆ ಮಾಡಿದ್ರೆ ತೆಳ್ಳಗಿರ್ತದೆ. ಬೇಯ್ಸಿಬಿಟ್ರೆ ಮುಗೀತು, ಇನ್ನೆಷ್ಟು ಬೇಯ್ಸಿದ್ರೂ ವಾಪಸ್ ಲೋಳೆ ಆಗಲ್ಲ."

"ನಿನ್ ತಲೆ ಮೊಟ್ಟೆ," ಅಂದರು. ಆದರೆ ಸಲಿಕೆಯನ್ನು ಕೆಳಗಿಡಲಿಲ್ಲ. ಇನ್ನೊಂದು ಚೂರನ್ನೂ ಒತ್ತಿ ಪುಡಿ ಮಾಡಿ, "ಹಂಗಾದ್ರೆ ಚಳೀಲಿ ಹೆಂಗ್ಲಾ ಹರೀತದೆ?" ಅಂತ ಕೇಳಿದರು. ಆ ವಾರದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ.

ಅದಕ್ಕೆ ಉತ್ತರ ಆ ಭಾನುವಾರ ಬಚ್ಚಲಲ್ಲಿ ಸಿಕ್ಕಿತು. ಅಕ್ಕ ಎಣ್ಣೆ ಹಚ್ಚಿ ಸ್ನಾನಕ್ಕೆ ಕಳಿಸಿದ್ದಳು. ಹಂಡೆಯ ನೀರು ಕುದಿಯುತ್ತಿತ್ತು. ಒಲೆಗೆ ಇನ್ನೆಷ್ಟು ಸೌದೆ ತುರುಕಿದರೂ ಕುದಿಯುವ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ತಣ್ಣೀರು ಬೆರೆಸಿದರೆ ಹದ ನಮ್ಮ ಕೈಯಲ್ಲೇ ಇರುತ್ತದೆ. ಹೊರಪೈಪಿಗೆ ಹಬೆ ಯಾಕೆ ಬೇಕು? ಸ್ನಾನದ ನೀರು ಸಾಕಲ್ಲ. ಮೈ ಒರೆಸಿಕೊಂಡು ಬಂದವನೇ ಭಾವನಿಗೆ ಹೇಳಿದೆ.

ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು.

"ನಾನು ಬಾಯ್ಲರ್ ಪರೀಕ್ಷೆ ಪಾಸ್ ಮಾಡ್ದೋನು ಕಣ್ಲಾ. ಬಚ್ಚಲೊಲೆ ಉರಿ ಹಾಕೋಕೆ ನನ್ನ ಕರೀತೀಯಾ? ಷೆಡ್ಡಿನವರೆಲ್ಲ ಸ್ನಾನದ ನೀರು ಕಾಯ್ಸೋನು ಬಂದ ಅಂತಾರೆ."

"ಸಾಸಲಿನಲ್ಲಿ ಏನಂತಾರೋ ಅದನ್ನೂ ಯೋಚ್ನೆ ಮಾಡು."

ಆ ಮಾತು ಆಡಬಾರದಿತ್ತೇನೋ. ಅವರು ಎದ್ದು ಹೊರಗೆ ಹೋದರು. ಅಕ್ಕ ಜಗಲಿಯ ತನಕ ಹೋಗಿ ನೋಡಿ ಬಂದಳು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಠಣ್ ಠಣ್ ಸದ್ದು ಕೇಳಿಸಿತು. ಓಡಿ ಹೋಗಿ ನೋಡಿದರೆ ಭಾವ ಹಂಡೆಯನ್ನು ಒಲೆಯಿಂದ ಇಳಿಸಿ, ಬೋರಲು ಹಾಕಿ, ಬುಡದ ಹತ್ತಿರ ಉಳಿ ಇಟ್ಟು ತೂತು ಹೊಡೆಯುತ್ತಿದ್ದರು.

"ಅಯ್ಯೋ, ನಮ್ಮವ್ವ ಕೊಟ್ಟ ಹಂಡೆ!" ಅಂದಳು ಅಕ್ಕ.

"ನಿನ್ ತಮ್ಮನ್ನ ಕೇಳು. ಅವನಿಗೆ ನಲ್ಲಿ ಬೇಕಂತೆ."

"ಹೊಸ ಹಂಡೆ ತಂದ್ಕೊಡೋವರ್ಗೂ ಇಬ್ರಿಗೂ ತಣ್ಣೀರೇ. ಅದೇನ್ ಕೆಮ್ಮು ಬಂದ್ರೂ ನನ್ನ ಕೇಳಬ್ಯಾಡಿ." ಹಾಗಂದಳು, ಹಾಗೇ ಮಾಡಿದಳು.

ಮ್ಯಾನೇಜರು ಕೆಲಸದ ಮೇಲೆ ಬೆಂಗಳೂರಿಗೆ ಹೋಗುವ ದಿನವನ್ನು ಕಾದೆವು. ಅವರನ್ನು ಕೇಳಿ ಮಾಡಬಹುದಿತ್ತು. ಕೇಳಿದರೆ ಬೇಡವೆನ್ನುತ್ತಾರೆ, ಬೇಡವೆಂದ ಮೇಲೆ ಮಾಡಲಾಗುವುದಿಲ್ಲ ಎಂದು ನಾನೇ ತೀರ್ಮಾನಿಸಿದೆ. ಅಂಟಿನ ಹತ್ತಿರ ಬೆಂಕಿ ಕೂಡದು. ಆದ್ದರಿಂದ ಷೆಡ್ಡಿನ ಗೋಡೆಯ ಹೊರಗೆ, ಹೀಟರಿಗಿಂತ ಎತ್ತರದಲ್ಲಿ, ಇಟ್ಟಿಗೆಯ ಒಲೆ ಕಟ್ಟಿ ಹಂಡೆ ಕೂರಿಸಿದೆವು. ನಾನು ಹಂಡೆಯ ತೂತಿಗೆ ನಲ್ಲಿ ಜೋಡಿಸಿದೆ, ಒಳಗೂ ಹೊರಗೂ ತೊಗಲಿನ ವಾಷರ್ ಕೊಟ್ಟು ಬಿಗಿದೆ. ಭಾವ ಹೀಟರಿನ ಹಬೆಯ ಪೈಪನ್ನು ಬಿಚ್ಚಿ ಅದರ ಬಾಯಿಗೆ ಬಿರಡೆ ಜಡಿದರು. ಬಿಸಿನೀರನ್ನು ಹಬೆ ಬರುತ್ತಿದ್ದ ಮೇಲಿನ ತೂತಿಗೇ ಕೊಟ್ಟೆವು, ಕೆಳಗಿನ ತೂತಿನಿಂದ ಬಕೀಟಿಗೆ ಬೀಳಲಿ ಎಂದು.

ಅಂಟು ಬಿಟ್ಟೆವು. ಬೆಳಗಿನ ಚಳಿಯಲ್ಲಿ ಅದು ಮುದ್ದೆಯಾಗಿಯೇ ಬಂತು. ನೀರು ಬಿಸಿಯಾಗಿಯೇ ಇತ್ತು, ಬಕೀಟಿಗೂ ಬಿಸಿಯಾಗಿಯೇ ಬೀಳುತ್ತಿತ್ತು. ಹಾಳೆಗಳ ಮೇಲೆ ಮತ್ತೆ ಅದೇ ಪಟ್ಟೆ. ಹೆಂಗಸರಲ್ಲಿ ಒಬ್ಬಾಕೆ, "ಸ್ನಾನ ಮಾಡ್ಸಿ ಸಾಂಬ್ರಾಣಿ ಹಾಕ್ರಪ್ಪ, ಎದ್ದೇಳ್ತದೆ," ಅಂದಳು. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದೆ.

ಭಾವ ಹೊರಪೈಪಿನ ಮೇಲೆ ಉದ್ದಕ್ಕೂ ಕೈಯಾಡಿಸಿದರು, ಆಮೇಲೆ ಅದರ ಅಡಿಯಲ್ಲಿ. "ಹೊಟ್ಟೆ ಬಿಸಿ ಐತೆ, ಬೆನ್ನು ತಣ್ಣಗೈತೆ. ನೀರು ತಳದಲ್ಲೇ ಓಡೋಗ್ತಾ ಐತೆ, ಮ್ಯಾಲೆ ಬರೀ ಗಾಳಿ. ಕೆಳಗಿಂದ ತುಂಬ್ಸು, ಮ್ಯಾಲಿಂದ ಹೊರಡ್ಲಿ," ಅಂದರು. ಎರಡೂ ಪೈಪುಗಳನ್ನು ಅದಲುಬದಲು ಮಾಡಿದೆವು. ಮೇಲಿನ ತೂತಿನಿಂದ ಮೊದಲು ಗಾಳಿ ಗುಳುಗುಳು ಎಂದು ಬಂತು, ಆಮೇಲೆ ನೀರು ಬಂತು. ಸ್ವಲ್ಪ ಹೊತ್ತಿಗೆ ಅಂಟಿನ ಧಾರೆ ಬಿಚ್ಚಿಕೊಂಡು ನೂಲು ಹಿಡಿದಂತೆ ಇಳಿಯತೊಡಗಿತು.

ಆಮೇಲಿನದು ಬರೀ ಕೆಲಸ. ಎಣ್ಣೆಸ್ನಾನಕ್ಕೆ ಬೇಕಾದಷ್ಟು ಬಿಸಿ ಇದೆಯೇ ಎಂದು ಹಂಡೆಗೆ ಕೈ ಅದ್ದಿ ನೋಡುವುದು, ಹೆಚ್ಚಾದರೆ ತಣ್ಣೀರು ಸುರಿಯುವುದು, ಬಕೀಟಿನ ನೀರನ್ನು ಮತ್ತೆ ಹಂಡೆಗೆ ಹೊರುವುದು. ಅದಕ್ಕೆ ಮಾಪಕ ಬೇಕಿರಲಿಲ್ಲ, ಷೆಡ್ಡಿನಲ್ಲಿದ್ದ ಯಾರ ಕೈಗಾದರೂ ಆ ಹದ ಗೊತ್ತಿತ್ತು. ಪೈಪಿನಲ್ಲಿ ನಿಂತ ಅಂಟು ಬೇಯಬಾರದೆಂದು ಊಟಕ್ಕೆ ನಿಲ್ಲಿಸುವಾಗ ಹೊರಪೈಪಿಗೆ ತಣ್ಣೀರು ಬಿಟ್ಟು, ಅಂಟು ಆರಿದ ಮೇಲೆ ಪೀಪಾಯಿಯ ನಲ್ಲಿ ಮುಚ್ಚುತ್ತಿದ್ದೆವು. ಹಬೆಯಿದ್ದಾಗ ಇದು ಆಗುತ್ತಿರಲಿಲ್ಲ. ಮೊದಲ ದಿನ ಸಂಜೆ ಒಳಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆವು. ಅತ್ತ ಕಡೆಯಿಂದ ಭಾವನ ಕಣ್ಣು ಕಂಡಿತು.

ಮರುದಿನ ಮ್ಯಾನೇಜರು ಬಂದರು. ಗೋಡೆಯ ಹೊರಗೆ ಹೊಗೆ ಕಂಡು ಸುತ್ತಿಕೊಂಡು ಹೋಗಿ ನೋಡಿದರು. ಒಳಗೆ ಬಂದಾಗ ಅವರ ಮುಖ ಕೆಂಪಾಗಿತ್ತು.

"ಕಾರ್ಖಾನೆಗೆ ಯಾರ್ರೀ ಬಚ್ಚಲುಮನೆ ಕಟ್ಟಿದ್ದು? ನಾಳಿದ್ದು ಹಲಗೆ ಪರೀಕ್ಷೆ ಮಾಡೋಕೆ ದೊಡ್ಡವರು ಬರ್ತಾರೆ. ನಗ್ತಾರೆ ಅವರು. ಇವತ್ತೇ ಇದನ್ನ ಕಿತ್ತು ಹಬೆ ಪೈಪು ಮೊದಲಿನ ಹಾಗೆ ಜೋಡಿಸಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಮುಂದೆ ಬಂದರು.

"ಆ ಪೈಪಿಗೆ ಹಬೆ ಕೊಡಕ್ಕಿಲ್ಲ ಸ್ವಾಮಿ."

"ಏನಂದ್ರಿ?"

"ಪ್ರೆಸ್ಸಿಗೆ ಎಷ್ಟ್ ಬೇಕೋ ಕೊಡ್ತೀನಿ. ಅದಕ್ಕೆ ಕೊಡಕ್ಕಿಲ್ಲ. ನಾವು ಅದನ್ನ ಅರಗು ಅಂದ್ಕಂಡಿದ್ವಿ. ಅದು ಅರಗಲ್ಲ, ಮೊಟ್ಟೆ. ಒಂದ್ಸಲ ಬೆಂದ್ರೆ ಕರಗಕ್ಕಿಲ್ಲ."

"ನಿಮ್ಮ ಕೆಲಸ ಹೋಗತ್ತೆ, ಗೊತ್ತಿದೆಯೇನ್ರೀ?"

"ಹಬೆ ಕೊಟ್ರೆ ಪೈಪು ಕಟ್ಟೋದು ಗ್ಯಾರಂಟಿ. ಕಟ್ಟಿದ್ರೂ ಹೋಗ್ತದಲ್ಲ ಸ್ವಾಮಿ. ಹೋಗೋದಾದ್ರೆ ಪೈಪು ನೆಟ್ಟಗಿರೋವಾಗ್ಲೇ ಹೋಗ್ಲಿ." ಕೈಯಲ್ಲಿದ್ದ ಬಟ್ಟೆಯ ಚೂರನ್ನು ಹಿಂಡುತ್ತಿದ್ದರು.

ಮ್ಯಾನೇಜರು ಹಿಂದಿನ ದಿನ ಒತ್ತಿದ ಹಲಗೆಗಳ ರಾಶಿಯ ಹತ್ತಿರ ಹೋಗಿ ಒಂದನ್ನು ಎಳೆದುಕೊಂಡರು. ಜೇಬಿನಿಂದ ಚಾಕು ತೆಗೆದು ಅಂಚಿನಲ್ಲಿ ಪದರಗಳ ಸಂದಿಗೆ ತೂರಿಸಿ ಮೀಟಿದರು. ಮರ ಸಿಗಿದು ನಾರು ಕಿತ್ತು ಬಂತು, ಅಂಟು ಬಿಡಲಿಲ್ಲ. ಇನ್ನೊಂದನ್ನು ಎಳೆದು ನೋಡಿದರು. ಅದೂ ಹಾಗೇ. ಮೂರನೆಯದನ್ನು ಮೀಟುವಾಗ ಚಾಕುವಿನ ತುದಿ ಮುರಿಯಿತು. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಬಾಗಿಲ ತನಕ ಹೋಗಿ ನಿಂತರು.

"ಆ ಹಂಡೆಗೆ ಬೂದು ಬಣ್ಣನಾದರೂ ಬಳೀರಿ. ಯಂತ್ರದ ಹಾಗೆ ಕಾಣ್ಲಿ," ಅಂದು ಹೋದರು.

ಬಣ್ಣ ಬಳಿದೆವು. ಭಾವನ ಕೆಲಸ ಉಳಿಯಿತು. ಷೆಡ್ಡು ಮುಚ್ಚುವ ತನಕ ಆ ಹೀಟರು ಆ ಹಂಡೆಯ ನೀರಿನಲ್ಲೇ ನಡೆಯಿತು. ಅವರು ಊರಿಗೆ ವಾಪಸ್ಸು ಹೋಗಿದ್ದು ಈಗಲೇ, ಅದೂ ನಾಲ್ಕು ಜನರ ಹೆಗಲ ಮೇಲೆ. ಅವರ ಅಣ್ಣ ಬಾಗಿಲಲ್ಲೇ ನಿಂತಿದ್ದ.

ನಾನು ಹೇಳಿದ್ದು ಸರಿ ಎಂದು ಅವರು ನನ್ನೆದುರು ಒಂದು ದಿನವೂ ಅನ್ನಲಿಲ್ಲ. ಬಣ್ಣ ಬಳಿದ ಆ ಸಂಜೆ ಜೊತೆಯಲ್ಲೇ ನಡೆದು ಮನೆಗೆ ಬರುತ್ತಿದ್ದೆವು. ಈಗಲಾದರೂ ಒಂದು ಒಳ್ಳೆಯ ಮಾತು ಬರಬಹುದೆಂದು ಕಾಯುತ್ತಿದ್ದೆ. ರೈಲು ಹಳಿ ದಾಟುವಾಗ ಅವರು ನಿಂತು ಬೀಡಿ ಹಚ್ಚಿದರು.

"ನೀನು ಹಾಕಿರೋ ಆ ನಲ್ಲಿ ಸೋರ್ತಾ ಐತೆ ಕಣ್ಲಾ. ನಾಳೆ ವಾಷರ್ ಬದ್ಲಾಯ್ಸು," ಅಂದರು.

ಅದು ಸೋರುತ್ತಿರಲಿಲ್ಲ. ಈಗಲೂ ಹೇಳುತ್ತೇನೆ ಭಾವ, ಅದು ಸೋರುತ್ತಿರಲಿಲ್ಲ.